ಸೆಂಟರಿನಲ್ಲಿ ಕಳೆದ 112 ದಿನ ಶಿಕ್ಷೆಯ ಲೆಕ್ಕಕ್ಕೆ ಬರುತ್ತಾ?

ಶರಾವತಿ ತೀರ
ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾನೂನು ಗೊತ್ತಿರುವವರು ಇದ್ದೀರಿ ಅಂತ ಬರೆಯುತ್ತಿದ್ದೇನೆ. ಹೆಸರು, ಊರು ಹೇಳೋದಿಲ್ಲ, ಬೇಜಾರು ಮಾಡ್ಕೋಬೇಡಿ.

ನನ್ನ ತಮ್ಮನಿಗೆ 24 ವರ್ಷ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದ. ಹೋದ ವರ್ಷ ಅವನ ರೂಮಿನಲ್ಲಿ 400 ಗ್ರಾಂ ಗಾಂಜಾ ಸಿಕ್ಕಿತು. ಮೂತ್ರ ಪರೀಕ್ಷೆಯಲ್ಲೂ ಬಂತು. ಮಾದಕವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ 20(ಬಿ) (ಇಟ್ಟುಕೊಂಡಿದ್ದಕ್ಕೆ) ಮತ್ತು 27(ಬಿ) (ಸೇದಿದ್ದಕ್ಕೆ) ಹಾಕಿದ್ದಾರೆ. 19 ದಿನ ಜೈಲಿನಲ್ಲಿದ್ದ. ಜಾಮೀನು ಅರ್ಜಿಯಲ್ಲಿ ನಮ್ಮ ವಕೀಲರೇ 'ಹುಡುಗನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುತ್ತೇವೆ' ಅಂತ ಬರೆದರು. ಜಡ್ಜ್ ಸಾಹೇಬರು ಅದನ್ನೇ ಷರತ್ತು ಮಾಡಿ ಜಾಮೀನು ಕೊಟ್ಟರು. ಕೋರ್ಟಿನಿಂದ ನೇರ ಸೆಂಟರಿಗೇ ಕರೆದುಕೊಂಡು ಹೋದೆವು.

ಅಲ್ಲಿ 112 ದಿನ. ತಿಂಗಳಿಗೆ 22 ಸಾವಿರ, ಅಡಿಕೆ ಮಾರಿದ ದುಡ್ಡು ಅಲ್ಲಿಗೇ ಹೋಯಿತು. ಗೇಟಿಗೆ ಯಾವಾಗಲೂ ಬೀಗ. ಭಾನುವಾರ ಐದು ನಿಮಿಷ ಫೋನು, ಅದೂ ಸ್ಪೀಕರ್ ಆನ್ ಮಾಡಿ, ಪಕ್ಕದಲ್ಲಿ ಅವರ ಕಡೆಯವನೊಬ್ಬ ಕೂತಿರಬೇಕು. ಅಮ್ಮ ಒಂದು ಸಲ ರವೆ ಉಂಡೆ ಕಟ್ಟಿಕೊಂಡು ಹೋಗಿದ್ದರು. ಒಳಗೆ ಏನಾದರೂ ಇಟ್ಟಿದ್ದಾರಾ ಅಂತ ಗೇಟಿನಲ್ಲೇ ಒಂದೊಂದನ್ನೂ ಒಡೆದು ನೋಡಿದರು. ತಮ್ಮನ ಕೈಗೆ ಸಿಕ್ಕಿದ್ದು ರವೆ ಪುಡಿ.

ಈಗ ಚಾರ್ಜ್‌ಶೀಟ್ ಆಗಿದೆ. ತಪ್ಪೊಪ್ಪಿಕೊಂಡು ಮುಗಿಸಿಬಿಡೋಣ ಅಂತಾನೆ ತಮ್ಮ. ಶಿಕ್ಷೆ ಅಂತ ಆದರೆ ಜೈಲಿನ 19 ದಿನ ಕಳೆಯುತ್ತಾರಂತೆ, ಸೆಂಟರಿನ 112 ದಿನ ಕಳೆಯೋದಿಲ್ಲವಂತೆ. ವಕೀಲರು ಎರಡೇ ಮಾತಿನಲ್ಲಿ ಹೇಳಿ ಮುಂದಿನ ಕೇಸಿಗೆ ಎದ್ದು ಹೋದರು. ಕೋರ್ಟು ಹೇಳಿದ್ದಕ್ಕೇ ಅಲ್ವಾ ಅವನು ಅಲ್ಲಿದ್ದದ್ದು? ಇದು ಯಾಕೆ ಲೆಕ್ಕಕ್ಕಿಲ್ಲ?

ಕರಿಕೋಟು
ಮೇಡಂ, ನಿಮ್ಮ ವಕೀಲರು ಹೇಳಿದ್ದು ಸರಿ. ಬಿಡಿಸಿ ಹೇಳಲಿಲ್ಲ ಅಷ್ಟೇ.

ನಾವು ಇದಕ್ಕೆ ಸೆಟ್ ಆಫ್ ಅಂತೀವಿ. ಕ್ರಿಮಿನಲ್ ಕೇಸು ನಡೆಸುವ ಹಳೇ ಕಾನೂನು ಸಿಆರ್‌ಪಿಸಿಯಲ್ಲಿ 428ನೇ ಕಲಂ. ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ 468. ತನಿಖೆ, ವಿಚಾರಣೆ ನಡೆಯುವಾಗ ಅದೇ ಕೇಸಿನಲ್ಲಿ ಆರೋಪಿ ಎಷ್ಟು ದಿನ ಬಂಧನದಲ್ಲಿದ್ದನೋ ಅಷ್ಟನ್ನು ಶಿಕ್ಷೆಯಲ್ಲಿ ಕಳೆಯಬೇಕು. ಇದು ಕೋರ್ಟಿನ ದಯೆ ಅಲ್ಲ, ಅವನ ಹಕ್ಕು.

ತೊಡಕಿರೋದು 'ಬಂಧನ' ಅನ್ನೋ ಮಾತಿನಲ್ಲಿ. ಜಾಮೀನು ಅಂದರೇ ಬಿಡುಗಡೆ. ಕಾಗದದ ಮೇಲೆ ನಿಮ್ಮ ತಮ್ಮ ಆ 112 ದಿನವೂ ಬಿಡುಗಡೆಯಾದ ಮನುಷ್ಯ. ಗೇಟಿಗೆ ಬೀಗ ಹಾಕಿದ್ದು ಸೆಂಟರಿನವರು. ಅವನು ಬೇಡ ಅಂತ ಹೊರಗೆ ಬಂದಿದ್ದರೆ ಏನಾಗುತ್ತಿತ್ತು? ಷರತ್ತು ಮುರಿದ ಅಂತ ಜಾಮೀನು ರದ್ದು ಮಾಡಲು ಕೇಳಬಹುದಿತ್ತು. ಆದರೆ ಜೈಲಿನಿಂದ ಓಡಿಹೋದ ಕೇಸು ಬೀಳುತ್ತಿರಲಿಲ್ಲ. ಕಾನೂನು ನೋಡೋದು ಆ ವ್ಯತ್ಯಾಸವನ್ನೇ.

ಅದಿರಲಿ, ನೀವು ಕೇಳಬೇಕಾದ್ದು ಈ ಲೆಕ್ಕ ಅಲ್ಲವೇ ಅಲ್ಲ. ರಾತ್ರಿ ಬರೆಯುತ್ತೇನೆ, ಈಗ ಕೋರ್ಟಿಗೆ ಹೊತ್ತಾಯಿತು.

ಎರಡನೇ ಮಹಡಿ
ಅಕ್ಕಾ, ನಾನೂ ಇಂಥದೇ ಒಂದು ಕಡೆ 90 ದಿನ ಇದ್ದವನು. ಕೇಸು ಇರಲಿಲ್ಲ, ಮನೆಯವರೇ ಹಾಕಿದ್ದು. ಕುಡಿತ.

ಬಂಧನ ಅಲ್ಲ ಅನ್ನೋರು ಒಂದು ವಾರ ಇದ್ದು ನೋಡಬೇಕು. ಬೆಳಗ್ಗೆ ಐದೂವರೆಗೆ ಸೀಟಿ. ಸೊಂಟದ ಬೆಲ್ಟ್ ಇಲ್ಲ, ಶೂ ಲೇಸ್ ಇಲ್ಲ. ಶೇವಿಂಗ್‌ಗೆ ವಾರಕ್ಕೊಂದು ದಿನ, ಅವರೇ ಎದುರಿಗೆ ನಿಂತಿರುತ್ತಾರೆ. ಮೊದಲ ಐದು ದಿನ ಕೈ ನಡುಗಿ ಚಹಾ ಲೋಟ ಹಿಡಿಯೋಕೆ ಆಗ್ತಿರಲಿಲ್ಲ, ಪಕ್ಕದ ಮಂಚದ ಹುಡುಗ ಕುಡಿಸುತ್ತಿದ್ದ. ನಮ್ಮದು ಎರಡನೇ ಮಹಡಿ. ಕಿಟಕಿಯಿಂದ ಬಸ್ ಸ್ಟಾಪ್ ಕಾಣ್ತಿತ್ತು. ಯಾವ ಬಸ್ಸು ಎಷ್ಟು ಗಂಟೆಗೆ ಅಂತ ನನಗೆ ಇವತ್ತಿಗೂ ಬಾಯಿಪಾಠ.

ಅಲ್ಲಿ ಜೈಲಿಂದ ಬಂದವನೊಬ್ಬ ಇದ್ದ. 'ಅಲ್ಲಿಯಾದ್ರೆ ಯಾವತ್ತು ಬಿಡ್ತಾರೆ ಅಂತ ಒಂದು ತಾರೀಖು ಇರುತ್ತೆ ಮಾರಾಯ, ಇಲ್ಲಿ ಅದೂ ಇಲ್ಲ' ಅನ್ನುತ್ತಿದ್ದ.

ಹಾಗಂತ ನನಗೆ ಅಲ್ಲಿಂದ ಒಳ್ಳೇದೇ ಆಯ್ತು. ಆರು ವರ್ಷ ಆಯ್ತು ಮುಟ್ಟಿಲ್ಲ. ಎರಡೂ ನಿಜ.

ಸಿಮೆಂಟ್ ಅಂಗಡಿ
ಎಲ್ಲರೂ ಅಯ್ಯೋ ಪಾಪ ಅಂತಿದ್ದೀರಿ, ನಾನು ಸ್ವಲ್ಪ ಕೆಟ್ಟವನಾಗ್ತೀನಿ.

ಒಂದನೇದು, 400 ಗ್ರಾಂ ಒಬ್ಬ ಹುಡುಗ ತಾನೇ ಸೇದೋಕೆ ಇಟ್ಟುಕೊಳ್ತಾನಾ? ಇರಲಿ, ಅದು ಕೋರ್ಟಿನ ವಿಷಯ.

ಎರಡನೇದು, ತಿಂಗಳಿಗೆ 22 ಸಾವಿರ ಕೊಡೋಕೆ ನಿಮಗೆ ಅಡಿಕೆ ತೋಟ ಇತ್ತು. ನಮ್ಮ ಅಂಗಡಿಯಲ್ಲಿ ಲೋಡ್ ಇಳಿಸುವ ಹುಡುಗನ ಮೇಲೂ ಇದೇ ಥರದ ಕೇಸು ಇದೆ. ಅವನಿಗೆ ಶ್ಯೂರಿಟಿ ಕೊಡೋರೇ ಸಿಗಲಿಲ್ಲ. ಎರಡು ತಿಂಗಳು ಒಳಗೇ ಇದ್ದ. ಸೆಂಟರಿನ ದಿನವನ್ನೂ ಶಿಕ್ಷೆಯಲ್ಲಿ ಕಳೀಬೇಕು ಅಂತ ಕಾನೂನು ಮಾಡಿದರೆ ದುಡ್ಡಿರೋರು ಫ್ಯಾನು, ಟಿವಿ, ಮೂರು ಹೊತ್ತು ಊಟ ಇರೋ ಕಡೆ ಕೂತು ಶಿಕ್ಷೆ ಮುಗಿಸ್ತಾರೆ. ಮಾವನ ಪರಿಚಯದ ಸೆಂಟರ್ ಇದ್ದರಂತೂ ಮುಗೀತು. ಮನೆಯಲ್ಲಿ ಮಲಗಿದ್ದು ರಿಜಿಸ್ಟರಿನಲ್ಲಿ ಸಹಿ ಹಾಕ್ತಾರೆ. ಯಾರು ಚೆಕ್ ಮಾಡ್ತಾರೆ?

ಶರಾವತಿ ತೀರ
ತೋಟ ಅಂದರೆ ಒಂದೂಕಾಲು ಎಕರೆ ಸರ್. ಅದರಲ್ಲೂ ಈ ವರ್ಷ ಕೊಳೆರೋಗ. ಆದರೆ ನಿಮ್ಮ ಅಂಗಡಿ ಹುಡುಗನ ಮಾತು ಓದಿ ಸುಮ್ಮನಾದೆ. ಜೈಲಿನ ಬಾಗಿಲಲ್ಲಿ ಆ 19 ದಿನ ಅಂಥವರನ್ನು ತುಂಬಾ ನೋಡಿದ್ದೇನೆ.

ಸ್ಯಾನ್ ಹೋಸೆ ಸುಬ್ಬು
ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಪೇಪರ್ ಕೆಲಸ ಮಾಡ್ತೀನಿ. ನಾನು ವಕೀಲ ಅಲ್ಲ. ಆದರೆ ಈ ಪ್ರಶ್ನೆ ನಮ್ಮ ಟೇಬಲ್ಲಿಗೆ ವಾರಕ್ಕೊಮ್ಮೆ ಬರುತ್ತೆ.

ಅಮೆರಿಕದ ಕೇಂದ್ರ ಸರ್ಕಾರದ ಕೇಸುಗಳಲ್ಲಿ ಉತ್ತರ ಕರಿಕೋಟು ಸರ್ ಹೇಳಿದ್ದೇ. 1995ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ರೆನೋ ವಿರುದ್ಧ ಕೊರೇ ಅಂತ ಒಂದು ತೀರ್ಪು ಕೊಟ್ಟಿತು. ಕೊರೇ ಅನ್ನುವವನಿಗೆ ಕಪ್ಪುಹಣ ಬಿಳಿ ಮಾಡಿದ ಕೇಸಿನಲ್ಲಿ 41 ತಿಂಗಳು ಶಿಕ್ಷೆ ಆಗಿತ್ತು. ಜೈಲಿಗೆ ಹೋಗುವ ಮುಂಚೆ ಜಾಮೀನಿನ ಮೇಲೆ ಒಂದು ಕಮ್ಯುನಿಟಿ ಟ್ರೀಟ್‌ಮೆಂಟ್ ಸೆಂಟರಿನಲ್ಲಿ ಸುಮಾರು 150 ದಿನ ಇದ್ದ. ಸರ್ಕಾರದ ಏಜೆಂಟ್ ಜೊತೆಗಿಲ್ಲದೆ ಯಾವ ಕಾರಣಕ್ಕೂ ಹೊರಗೆ ಕಾಲಿಡೋ ಹಾಗಿಲ್ಲ ಅಂತ ಆದೇಶ. ಆ 150 ದಿನ ಕಳೀರಿ ಅಂತ ಕೇಳಿದ. ಕೆಳಗಿನ ಅಪೀಲು ಕೋರ್ಟು ಅವನ ಪರ ಹೇಳಿತು. ಅಲ್ಲಿನ ವಾತಾವರಣ ಜೈಲಿನ ಹಾಗೇ ಇದ್ದರೆ ಲೆಕ್ಕಕ್ಕೆ ತಗೋಬೇಕು ಅಂತ. ಸುಪ್ರೀಂ ಕೋರ್ಟು 8-1ರಲ್ಲಿ ಅದನ್ನು ತಳ್ಳಿಹಾಕಿತು. ಇದನ್ನು ಒಪ್ಪದವರು ಜಸ್ಟಿಸ್ ಸ್ಟೀವನ್ಸ್ ಒಬ್ಬರೇ.

ಅದರಲ್ಲಿ ಒಂದು ತಮಾಷೆ ಇದೆ. ಅದೇ ಥರದ ಸೆಂಟರಿನಲ್ಲಿ, ಪಕ್ಕದ ಮಂಚದಲ್ಲೇ, ಜೈಲು ಇಲಾಖೆ ಕಳಿಸಿದ ಕೈದಿ ಇರಬಹುದು. ಅದೇ ಊಟ, ಅದೇ ಬೀಗ. ಅವನ ದಿನ ಲೆಕ್ಕಕ್ಕೆ ಬರುತ್ತೆ, ಇವನದು ಬರೋದಿಲ್ಲ. ಕೋರ್ಟು ಅದನ್ನು ಒಪ್ಪಿಕೊಂಡೇ ಹೇಳಿತು: ಅವನನ್ನು ಇಲಾಖೆ ಬೇಕೆಂದಾಗ ಎತ್ತಿ ಜೈಲಿಗೆ ಹಾಕಬಹುದು, ಇವನನ್ನು ಹಾಗೆ ಮಾಡೋಕಾಗೋದಿಲ್ಲ, ಇವನು ಜಾಮೀನಿನವನು. ನೋಡಬೇಕಾದ್ದು ಯಾರ ವಶದಲ್ಲಿದ್ದಾನೆ ಅಂತ, ಎಷ್ಟು ಬಿಗಿ ಇತ್ತು ಅಂತಲ್ಲ.

ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ಮಾತ್ರ ಬೇರೆ. ಇಲ್ಲಿನ ದಂಡ ಸಂಹಿತೆಯ 2900.5ನೇ ಕಲಂನಲ್ಲಿ ಜೈಲಿನ ಜೊತೆ ಪುನರ್ವಸತಿ ಕೇಂದ್ರ, ಆಸ್ಪತ್ರೆ ಅಂತ ಹೆಸರಿಟ್ಟೇ ಬರೆದಿದ್ದಾರೆ. ಅಲ್ಲೇ ವಾಸ ಇರಬೇಕು, ನಿರ್ಬಂಧ ಇರಬೇಕು. ಬೆಳಗ್ಗೆ ಹೋಗಿ ಸಂಜೆ ಬರೋದು ನಡೆಯೋದಿಲ್ಲ. ನಿಮ್ಮ ತಮ್ಮನ ಥರದ 112 ದಿನ ಇದ್ದರೆ ಇಲ್ಲಿ ಧೈರ್ಯವಾಗಿ ಕೇಳಬಹುದು.

ಕರಿಕೋಟು
ಸುಬ್ಬು ಅವರೇ, ಹಾಗಾದರೆ ಅಲ್ಲಿ ಎಲ್ಲರಿಗೂ ಸಿಗುತ್ತಾ?

ಸ್ಯಾನ್ ಹೋಸೆ ಸುಬ್ಬು
ಅಲ್ಲೇ ಇರೋದು ಮಜಾ ಸರ್. ಸೆಂಟರಿಗೆ ಕಳಿಸುವ ಮೊದಲು ಎಷ್ಟೋ ಜಡ್ಜುಗಳು 'ಈ ದಿನಗಳ ಕ್ರೆಡಿಟ್ ಬಿಟ್ಟುಕೊಡ್ತೀಯಾ?' ಅಂತ ಕೇಳ್ತಾರೆ. ಜೈಲು ತಪ್ಪುತ್ತಲ್ಲ ಅಂತ ಹುಡುಗರು ಹ್ಞೂಂ ಅಂದುಬಿಡ್ತಾರೆ. ಗೊತ್ತಿದ್ದೂ ಬಿಟ್ಟುಕೊಟ್ಟರೆ ಅದು ನಡೆಯುತ್ತೆ. ಆಮೇಲೆ ಒಂದು ಸಲ ಜಾರಿ ಬಿದ್ದು ಪ್ರೊಬೇಷನ್ (ಜೈಲಿನ ಬದಲು ನಿಗಾದಲ್ಲಿ ಹೊರಗೆ ಬಿಟ್ಟಿರೋದು) ರದ್ದಾಯ್ತು ಅನ್ನಿ, ಎಂಟು ತಿಂಗಳು ಸೆಂಟರಿನಲ್ಲಿ ಇದ್ದದ್ದು ನೀರಲ್ಲಿ ಹೋಮ.

ಇನ್ನೊಂದು ಕಡೆ, ಇಲ್ಲಿನ ಕೇಂದ್ರ ಸರ್ಕಾರದ ಜೈಲುಗಳ ಒಳಗೇ ನಡೆಯುವ ಒಂದು ವ್ಯಸನದ ಚಿಕಿತ್ಸೆ ಇದೆ. 500 ಗಂಟೆ, ಸುಮಾರು ಒಂಬತ್ತರಿಂದ ಹನ್ನೆರಡು ತಿಂಗಳು. ಹಿಂಸೆಯ ಅಪರಾಧ ಅಲ್ಲದಿದ್ದರೆ, ಪೂರ್ತಿ ಮುಗಿಸಿದವರಿಗೆ ಶಿಕ್ಷೆಯಲ್ಲಿ ಒಂದು ವರ್ಷದವರೆಗೆ ಇಲಾಖೆ ಕಡಿಮೆ ಮಾಡಬಹುದು. 1994ರ ಕಾನೂನು. ಅಂದರೆ ಶಿಕ್ಷೆ ಆದಮೇಲೆ ಒಳಗಿದ್ದು ಚಿಕಿತ್ಸೆ ತಗೊಂಡರೆ ಬಹುಮಾನ. ಜಾಮೀನಿನ ಮೇಲೆ ಹೊರಗೆ ತಗೊಂಡರೆ ಏನೂ ಇಲ್ಲ.

ಕರಿಕೋಟು
ನಮ್ಮಲ್ಲಿ ಆ ಬಹುಮಾನವೂ ಇಲ್ಲ. ಎನ್‌ಡಿಪಿಎಸ್‌ನಲ್ಲಿ 32ಎ ಅಂತ ಒಂದು ಕಲಂ ಇದೆ. ಸೇವನೆಯ 27ನೇ ಕಲಂ ಬಿಟ್ಟು ಬೇರೆ ಯಾವ ಶಿಕ್ಷೆಯಲ್ಲೂ ರೆಮಿಷನ್ ಇಲ್ಲ. ಕೊಲೆ ಮಾಡಿದವನಿಗೆ ಒಳ್ಳೇ ನಡತೆಗೆ ದಿನ ಕಡಿಮೆ ಆಗುತ್ತೆ, ಗಾಂಜಾ ಕೇಸಿನವನಿಗೆ ಆಗೋದಿಲ್ಲ. ಅಪೀಲು ಕೋರ್ಟು ಶಿಕ್ಷೆಯನ್ನು ತಡೆಹಿಡಿಯದ ಹಾಗೆ ಅದೇ ಕಲಂ ಅದರ ಕೈಯನ್ನೂ ಕಟ್ಟಿಹಾಕಿತ್ತು. 2000ದಲ್ಲಿ ದಾದು ಕೇಸಿನಲ್ಲಿ ಸುಪ್ರೀಂ ಕೋರ್ಟು ಅಷ್ಟು ಭಾಗ ಮಾತ್ರ ಕಿತ್ತುಹಾಕಿತು. ರೆಮಿಷನ್ ಇಲ್ಲ ಅನ್ನೋದು ಹಾಗೇ ಉಳಿಯಿತು.

ಜೈಲಿನ ಹೊರಗಿನ ಬಂಧನದ ಬಗ್ಗೆ ನಮ್ಮ ಸುಪ್ರೀಂ ಕೋರ್ಟು ಹತ್ತಿರದ ಮಾತು ಆಡಿದ್ದು 2021ರ ಮೇ ತಿಂಗಳಲ್ಲಿ, ಪತ್ರಕರ್ತ ಗೌತಮ್ ನವಲಖಾ ಕೇಸಿನಲ್ಲಿ. ಅದು ಡ್ರಗ್ಸ್ ಕೇಸಲ್ಲ, ಶಿಕ್ಷೆಯ ಲೆಕ್ಕವೂ ಅಲ್ಲ, ಚಾರ್ಜ್‌ಶೀಟ್ ತಡವಾದರೆ ಸಿಗುವ ಜಾಮೀನಿನ ಲೆಕ್ಕ. ಅವರು 2018ರಲ್ಲಿ 34 ದಿನ ಗೃಹಬಂಧನದಲ್ಲಿದ್ದರು. ಅದನ್ನು ಸೇರಿಸಿದರೆ 90 ದಿನ ದಾಟುತ್ತೆ ಅಂತ ವಾದ. ಮನೆಯಲ್ಲಿ ಇಡೋದೂ ಕಸ್ಟಡಿ ಆಗಬಹುದು, ಮುಂದೆ ಕೋರ್ಟುಗಳು ಹಾಗೆ ಆದೇಶ ಮಾಡಬಹುದು ಅಂತ ಕೋರ್ಟು ಹೇಳಿತು. ಆದರೆ ಈ 34 ದಿನ ರಿಮಾಂಡಿನ ಕಲಂ (ಸಿಆರ್‌ಪಿಸಿ 167) ಕೆಳಗಿನ ಆದೇಶದಿಂದ ಆದದ್ದಲ್ಲ, ಹಾಗಾಗಿ ಸೇರೋದಿಲ್ಲ ಅಂದಿತು. ಎಲ್ಲ ಕಡೆ ಅದೇ ನೋಡಿ. ಬೀಗ ಯಾವ ಆದೇಶದ ಕೆಳಗೆ ಬಿತ್ತು ಅನ್ನೋದು ಮುಖ್ಯ.

ಈಗ ಮೇಡಂ, ಬೆಳಗ್ಗೆ ಬಿಟ್ಟ ಮಾತು. ಗಾಂಜಾದಲ್ಲಿ ಒಂದು ಕೆಜಿವರೆಗೆ 'ಸಣ್ಣ ಪ್ರಮಾಣ'. ನಿಮ್ಮದು 400 ಗ್ರಾಂ. ಹೆಚ್ಚೆಂದರೆ ಒಂದು ವರ್ಷ, ಅಥವಾ 10 ಸಾವಿರದವರೆಗೆ ದಂಡ, ಅಥವಾ ಎರಡೂ. 27(ಬಿ)ಗೆ ಆರು ತಿಂಗಳವರೆಗೆ, ಅದಕ್ಕೂ ದಂಡ ಮಾತ್ರ ಹಾಕಿ ಬಿಡಬಹುದು. ಇಂಥ ಕೇಸಿಗೆ ಕಾಯ್ದೆಯಲ್ಲೇ 39ನೇ ಕಲಂ ಇದೆ. ತಪ್ಪಿತಸ್ಥ ಅಂತ ಆದಮೇಲೆ, ಅವನು ವ್ಯಸನಿ ಅಂತ ಕಂಡರೆ, ಕೋರ್ಟು ಜೈಲಿಗೆ ಕಳಿಸೋ ಬದಲು ಅವನ ಒಪ್ಪಿಗೆ ತಗೊಂಡು ಚಿಕಿತ್ಸೆಗೆ ಬಿಡಬಹುದು. ಮುಚ್ಚಳಿಕೆ ಬರೆದುಕೊಡಬೇಕು. ಒಂದು ವರ್ಷದ ಒಳಗೆ ಚಿಕಿತ್ಸೆಯ ವರದಿ ತಂದು ಕೊಡಬೇಕು. ವರದಿ ಚೆನ್ನಾಗಿದ್ದರೆ ಎಚ್ಚರಿಕೆ ಹೇಳಿ, ಮೂರು ವರ್ಷದವರೆಗಿನ ಇನ್ನೊಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡಬಹುದು. ಮಧ್ಯದಲ್ಲಿ ಮತ್ತೆ ಸಿಕ್ಕಿಬಿದ್ದರೆ ಕರೆಸಿ ಶಿಕ್ಷೆ ಕೊಡ್ತಾರೆ.

112 ದಿನ ಕಳೀರಿ ಅಂತ ಬೇಡೋದಕ್ಕಿಂತ ಶಿಕ್ಷೆಯೇ ಬೇಡ ಅಂತ ಕೇಳೋದು ಜಾಣತನ ಅಲ್ವಾ? ಆ 112 ದಿನದ ಕಾಗದ ಅಲ್ಲಿ ಕೆಲಸಕ್ಕೆ ಬರುತ್ತೆ.

64ಎ ಅಂತಲೂ ಒಂದಿದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಹೋದರೆ ಕೇಸೇ ನಡೆಸುವ ಹಾಗಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗುತ್ತೆ. ತಪ್ಪೊಪ್ಪಿಕೊಳ್ಳುವ ಮೊದಲು ಇದನ್ನು ನಿಮ್ಮ ವಕೀಲರ ಹತ್ತಿರ ಕೂತು ಮಾತಾಡಿ. ಒಂದು ಸಲ ಒಪ್ಪಿಕೊಂಡರೆ ಹಿಂದೆ ಬರೋದು ಕಷ್ಟ.

ಆದರೆ ಎರಡೂ ಕಡೆ ಒಂದು ಮುಳ್ಳಿದೆ. ಚಿಕಿತ್ಸೆ ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆ, ಸಂಸ್ಥೆಯಲ್ಲೇ ಆಗಿರಬೇಕು. ನಿಮ್ಮ ಸೆಂಟರಿಗೆ ಮಾನ್ಯತೆ ಇದೆಯಾ?

ಶರಾವತಿ ತೀರ
ಈಗ ರಸೀದಿಗಳನ್ನೆಲ್ಲ ಹರಡಿಕೊಂಡು ಕೂತಿದ್ದೇನೆ. ಮೇಲೆ ದೇವರ ಚಿತ್ರ ಇದೆ, ಫೋನ್ ನಂಬರ್ ಇದೆ, 'ನೋಂದಾಯಿತ' ಅಂತಲೂ ಇದೆ. ಎಲ್ಲಿ ನೋಂದಾಯಿತ ಅಂತ ಇಲ್ಲ. ನಾಲ್ಕು ರಸೀದಿಯಲ್ಲಿ ಒಂದರಲ್ಲಿ ತಮ್ಮನ ಹೆಸರೇ ತಪ್ಪು.

ಎರಡನೇ ಮಹಡಿ
ಅಕ್ಕಾ, ಟ್ರಸ್ಟ್ ನೋಂದಣಿ ಬೇರೆ, ಚಿಕಿತ್ಸೆಗೆ ನೋಂದಣಿ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್ ಚಟದ ತೊಂದರೆಯೂ ಸೇರುತ್ತೆ. ಅಂಥವರನ್ನು ಒಳಗಿಟ್ಟು ಚಿಕಿತ್ಸೆ ಕೊಡೋರು ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. ನಾನಿದ್ದ ಕಡೆ ವಾರಕ್ಕೊಮ್ಮೆ ಬರಬೇಕಾದ ಡಾಕ್ಟರನ್ನು ನಾನು 90 ದಿನದಲ್ಲಿ ಎರಡು ಸಲ ನೋಡಿದೆ. ನಿಜವಾದ ಚಿಕಿತ್ಸೆ ಸಿಕ್ಕಿದ್ದು ಹೊರಗೆ ಬಂದಮೇಲೆ, ನಿಮ್ಹಾನ್ಸ್‌ನಲ್ಲಿ. ವ್ಯಸನಕ್ಕೇ ಅಲ್ಲಿ ಬೇರೆ ವಿಭಾಗ ಇದೆ. ಬೆಂಗಳೂರು ದೂರ ಆದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ಯಾರನ್ನು ಕೇಳೋದು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.

ಹಳೇ ವಾರ್ಡರ್
ನಾನು ಜೈಲು ಇಲಾಖೆಯಲ್ಲಿದ್ದು ನಿವೃತ್ತನಾದವನು. ದೊಡ್ಡ ವಿಷಯ ಎಲ್ಲ ಹೇಳಿದ್ದಾರೆ. ಒಂದು ಸಣ್ಣದು ಹೇಳ್ತೀನಿ ತಾಯಿ.

ಆ 19 ದಿನವನ್ನಾದರೂ ಭದ್ರ ಮಾಡಿಕೊಳ್ಳಿ. ತೀರ್ಪಿನ ಕೊನೆಯಲ್ಲಿ ಸೆಟ್ ಆಫ್ ಅಂತ ಬರೆದು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಇರಬೇಕು. ಬಿಡುಗಡೆ ದಿನ ಲೆಕ್ಕ ಹಾಕೋ ಗುಮಾಸ್ತ ವಾರಂಟ್ ನೋಡ್ತಾನೆ, ನಿಮ್ಮ ಮುಖ ನೋಡೋದಿಲ್ಲ. ಪೊಲೀಸರು ಹಿಡಿದ ದಿನಕ್ಕೂ ಜೈಲಿಗೆ ಬಂದ ದಿನಕ್ಕೂ ನಡುವೆ ಒಂದೋ ಎರಡೋ ದಿನ ಇರುತ್ತೆ, ಅದೂ ಸೇರಬೇಕು. ಜನ ಅದನ್ನೇ ಮರೀತಾರೆ.

ಸಿಮೆಂಟ್ ಅಂಗಡಿಯವರ ಮಾತಿನಲ್ಲಿ ಹುರುಳಿದೆ. ಆದರೆ ಇನ್ನೊಂದು ಮಾತು. ಚಟದ ಹುಡುಗರು ಒಳಗೆ ಬಂದ ಮೊದಲ ವಾರ ನಾನು ರಾತ್ರಿ ಪಾಳಿ ಮಾಡಿದ್ದೇನೆ. ವಾಂತಿ, ಕಿರುಚಾಟ, ಗೋಡೆಗೆ ತಲೆ ಚಚ್ಚಿಕೊಳ್ಳೋದು. ಹತ್ತಿರ ಕೂತು ತಲೆ ಹಿಡಿದುಕೊಳ್ಳುತ್ತಿದ್ದದ್ದು ಬೇರೆ ಕೈದಿಗಳು. ನಮ್ಮ ಕೈಯಲ್ಲಿ ಇದ್ದದ್ದು ಲಾಠಿ ಮತ್ತು ಬೀಗದ ಕೈ.

ಸಿಮೆಂಟ್ ಅಂಗಡಿ
ವಾರ್ಡರ್ ಸಾಹೇಬ್ರೆ, ಹಾಗಾದರೆ ಜೈಲಿಂದಲೇ ಸರ್ಕಾರಿ ಆಸ್ಪತ್ರೆಗೆ ಕಳಿಸಲಿ, ಆ ದಿನ ಲೆಕ್ಕಕ್ಕೂ ಬರಲಿ. ಬಡವನಿಗೂ ಸಿಗುತ್ತೆ, ಕಳ್ಳ ಸಹಿಯೂ ತಪ್ಪುತ್ತೆ. ನಾನು ವಿರೋಧ ಮಾಡಿದ್ದು ದುಡ್ಡು ಕೊಟ್ಟು ದಿನ ಕೊಳ್ಳೋದನ್ನ. ಮತ್ತೆ ಕರಿಕೋಟು ಸರ್, ಆ 39 ನಮ್ಮ ಹುಡುಗನಿಗೂ ನಡೆಯುತ್ತಾ? ಅವನದು ಗಾಂಜಾನೇ, 150 ಗ್ರಾಂ. ದಿನಾ ಸೇದೋನಲ್ಲ, ವಾರಕ್ಕೊಮ್ಮೆ.

ಕರಿಕೋಟು
ಅಲ್ಲೇ ವಿಚಿತ್ರ ಇರೋದು. ಕಾಯ್ದೆಯಲ್ಲಿ ವ್ಯಸನಿ ಅಂದರೆ ಅದಿಲ್ಲದೆ ಇರಲಾರದವನು. ವಾರಕ್ಕೊಮ್ಮೆ ಸೇದುವವನು ಆ ಬಾಗಿಲಲ್ಲಿ ತೂರೋದು ಕಷ್ಟ. ಚಟ ಜಾಸ್ತಿ ಇದ್ದವನಿಗೆ ದಾರಿ ಇದೆ, ಕಡಿಮೆ ಇದ್ದವನಿಗೆ ಇಲ್ಲ. ಆದರೂ ದಂಡ ಮಾತ್ರ ಹಾಕಿ ಅಂತ ಕೇಳಬಹುದು. ಎರಡು ತಿಂಗಳು ಒಳಗಿದ್ದಾನೆ ಅಂದಿರಿ, 'ಕಳೆದಷ್ಟೇ ಶಿಕ್ಷೆ' ಅಂತಲೂ ಕೇಳಬಹುದು. ವಕೀಲರಿಗೆ ದುಡ್ಡಿಲ್ಲ ಅಂದರೆ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತೆ, ಅಲ್ಲಿ ಅರ್ಜಿ ಕೊಡಿಸಿ.

ಶರಾವತಿ ತೀರ
ಎರಡೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಕೆಲವರು ಏನಾಯಿತು ಅಂತ ಕೇಳಿದ್ದಿರಿ.

ಕರಿಕೋಟು ಸರ್ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ವಕೀಲರ ಮುಂದಿಟ್ಟೆ. ಮೊದಲು ಮುಖ ಗಂಟು ಹಾಕಿದರು, ಆಮೇಲೆ ಓದಿದರು. 64ಎ ಅರ್ಜಿ ಹಾಕಿದರು. ಸೆಂಟರಿಗೆ ಮಾನ್ಯತೆಯ ಪತ್ರ ಇಲ್ಲ ಅಂತ ಅದು ಬಿದ್ದುಹೋಯಿತು. ಅಷ್ಟರಲ್ಲಿ ಜಿಲ್ಲಾಸ್ಪತ್ರೆಯಲ್ಲಿ ತಮ್ಮನ ಚಿಕಿತ್ಸೆ ಶುರು ಮಾಡಿಸಿದ್ದೆವು. ಅಲ್ಲಿನ ಡಾಕ್ಟರು ಒಂದೂವರೆ ಪುಟದ ವರದಿ ಕೊಟ್ಟರು. ಹೋದ ವಾಯಿದೆಗೆ ತಪ್ಪೊಪ್ಪಿಕೊಂಡ. ಎಪಿಪಿ (ಸರ್ಕಾರದ ಕಡೆ ವಕೀಲರು) ಸ್ವಲ್ಪ ತಕರಾರು ಮಾಡಿದರು. ಕೊನೆಗೆ ಸಾಹೇಬರು 39ರ ಕೆಳಗೆ ಚಿಕಿತ್ಸೆಗೆ ಬಿಟ್ಟರು. ಅದೇ ಜಿಲ್ಲಾಸ್ಪತ್ರೆ, ಒಂದು ವರ್ಷದಲ್ಲಿ ವರದಿ.

112 ದಿನದ ಬಗ್ಗೆ ಆದೇಶದಲ್ಲಿ ಒಂದೇ ಸಾಲಿದೆ. 'ಆರೋಪಿಯು ಸ್ವಇಚ್ಛೆಯಿಂದ ಖಾಸಗಿ ಕೇಂದ್ರದಲ್ಲಿ ಚಿಕಿತ್ಸೆ ಪಡೆದಿರುವುದನ್ನು ಗಮನಿಸಲಾಗಿದೆ' ಅಂತ. ಬಸ್ಸಿನಲ್ಲಿ ಓದಿ ಹೇಳಿದೆ. ತಮ್ಮ 'ಸ್ವಇಚ್ಛೆ' ಅನ್ನೋ ಪದವನ್ನು ಇನ್ನೊಂದು ಸಲ ಓದು ಅಂದ. ಓದಿದೆ. ಕಿಟಕಿ ಕಡೆ ತಿರುಗಿಕೊಂಡು ನಗ್ತಾ ಇದ್ದ. ಬಹಳ ದಿನದ ಮೇಲೆ ಅವನು ನಕ್ಕಿದ್ದು ನೋಡಿದೆ.

ಈಗ ಮುಚ್ಚಳಿಕೆಗೆ ಒಬ್ಬರು ಶ್ಯೂರಿಟಿ ಬೇಕು. ಚಿಕ್ಕಪ್ಪ ಒಪ್ಪಿದ್ದಾರೆ. ಪಹಣಿ ಅಪ್ಪನ ಮತ್ತು ಚಿಕ್ಕಪ್ಪನ ಹೆಸರಲ್ಲಿ ಜಂಟಿ ಇದೆ. ನಡೆಯುತ್ತಾ?

ಕರಿಕೋಟು
ಜಂಟಿ ಇದ್ದರೆ ಕೆಲವು ಕೋರ್ಟಿನಲ್ಲಿ ತಕರಾರು ಮಾಡ್ತಾರೆ ಮೇಡಂ. ಚಿಕ್ಕಪ್ಪನ ಒಬ್ಬರ ಹೆಸರಲ್ಲೇ ಬೇರೆ ಸರ್ವೆ ನಂಬರ್ ಇದ್ದರೆ ಅದನ್ನು ತನ್ನಿ. ಹಳೇ ಜೆರಾಕ್ಸ್ ಬೇಡ, ಈ ತಿಂಗಳು ತೆಗೆದ ಪಹಣಿ. ಅವರ ಆಧಾರ್, ಎರಡು ಫೋಟೋ. ಚಿಕ್ಕಪ್ಪನೇ ಬಂದು ಸಾಹೇಬರ ಮುಂದೆ ನಿಲ್ಲಬೇಕು, ಬೆಳಗ್ಗೆ ಹತ್ತೂವರೆಗೇ ಬರೋಕೆ ಹೇಳಿ.

ಶರಾವತಿ ತೀರ
ಗದ್ದೆ ಅವರೊಬ್ಬರ ಹೆಸರಲ್ಲೇ ಇದೆಯಂತೆ, ಈಗಷ್ಟೇ ಫೋನ್ ಮಾಡಿ ಕೇಳಿದೆ. ನಾಳೆ ನಾಡಕಚೇರಿಗೆ ಹೋಗ್ತೀನಿ.